ಅಮೆರಿಕದ ಒಂದು ಪುಟ್ಟ ಟೌನ್‌ಶಿಪ್, ನಾಲ್ಕು ಕೂಲಿಂಗ್ ಟವರ್: ಲಂಡನ್‌ಡೆರಿಯ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

 

ಹೋದ ತಿಂಗಳು ಎಐ ಕಂಪನಿಗಳು ಮತ್ತು ಕರೆಂಟ್ ಬಗ್ಗೆ ಮಾತಾಡಿದ್ವಿ. ಡೇಟಾ ಸೆಂಟರ್‌ಗಳಿಗೆ ಎಷ್ಟು ವಿದ್ಯುತ್ ಬೇಕು, ಅದನ್ನ ಯಾರು ಕೊಡ್ತಾರೆ, ಬಿಲ್ ಯಾರು ಕಟ್ತಾರೆ ಅನ್ನೋದೆಲ್ಲ. ಆ ಸಂಚಿಕೆಯಲ್ಲಿ ಒಂದು ಹೆಸರು ಬಂದು ಹಾಗೇ ಹೋಯ್ತು: ತ್ರೀ ಮೈಲ್ ಐಲ್ಯಾಂಡ್. ಮುಚ್ಚಿದ್ದ ಪರಮಾಣು ಸ್ಥಾವರವನ್ನ ಮೈಕ್ರೋಸಾಫ್ಟ್‌ಗೆ ಕರೆಂಟ್ ಮಾರೋದಕ್ಕಾಗಿ ಮತ್ತೆ ತೆರೀತಾರಂತೆ ಅಂತ ಹೇಳಿದ್ದೆ. ಆಮೇಲೆ ಕೆಲವರು ಕೇಳಿದ್ರು, ಅದು ಇರೋದು ಎಲ್ಲಿ? ಅಲ್ಲಿ ಜನ ಇದ್ದಾರಾ? ಅವರೇನು ಹೇಳ್ತಾರೆ?

ಒಳ್ಳೆ ಪ್ರಶ್ನೆ. ಯಾಕಂದ್ರೆ ಈ ಸುದ್ದಿಯಲ್ಲಿ ಕಂಪನಿಯ ಹೆಸರು ಬರುತ್ತೆ, ಅಧ್ಯಕ್ಷರ ಹೆಸರು ಬರುತ್ತೆ, ದ್ವೀಪದ ಹೆಸರು ಬರುತ್ತೆ. ಆದ್ರೆ ಆ ದ್ವೀಪ ಯಾವ ಊರಿಗೆ ಸೇರಿದ್ದೋ ಆ ಊರಿನ ಹೆಸರು ಮಾತ್ರ ಬರೋದೇ ಇಲ್ಲ. ಅದರ ಹೆಸರು ಲಂಡನ್‌ಡೆರಿ ಟೌನ್‌ಶಿಪ್. ಪೆನ್ಸಿಲ್ವೇನಿಯಾ ರಾಜ್ಯ, ಡಾಫಿನ್ ಕೌಂಟಿ. ಜನಸಂಖ್ಯೆ ಸುಮಾರು 5 ಸಾವಿರ. ಇವತ್ತಿನ ಸಂಚಿಕೆ ಪೂರ್ತಿ ಈ ಊರಿನದ್ದು.

ಮೊದಲು, ಟೌನ್‌ಶಿಪ್ ಅಂದ್ರೇನು?

ನಾವು ಟೌನ್‌ಶಿಪ್ ಅಂದ ಕೂಡಲೇ ಗೇಟ್, ಸೆಕ್ಯೂರಿಟಿ, ಕ್ಲಬ್‌ಹೌಸ್ ಇರೋ ಬಡಾವಣೆ ನೆನಪಾಗುತ್ತೆ. ಇಲ್ಲಾಂದ್ರೆ ಯಾವುದೋ ದೊಡ್ಡ ಕಾರ್ಖಾನೆಯ ಕ್ವಾರ್ಟರ್ಸ್. ಅಮೆರಿಕದಲ್ಲಿ ಅದರ ಅರ್ಥ ಬೇರೆ. ಅಲ್ಲೂ ಎರಡು ಥರ ಇದೆ.

ಒಂದು, ನಕ್ಷೆಯ ಟೌನ್‌ಶಿಪ್. 1785ರಲ್ಲಿ ಅಲ್ಲಿನ ಕಾಂಗ್ರೆಸ್ ಒಂದು ಭೂ ಕಾನೂನು ಮಾಡ್ತು. ಪಶ್ಚಿಮದ ಹೊಸ ಜಮೀನನ್ನ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಅಳೀಬೇಕು. ಒಂದೊಂದು ಚೌಕ ಒಂದು ಟೌನ್‌ಶಿಪ್. ಅದರೊಳಗೆ 36 ತುಂಡು, ಒಂದೊಂದು 640 ಎಕರೆ. ಅದರಲ್ಲಿ 16ನೇ ತುಂಡು ಶಾಲೆಗೆ ಅಂತ ಮೀಸಲು. ವಿಮಾನದಿಂದ ಓಹಾಯೋ, ಇಂಡಿಯಾನಾ ಕಡೆ ನೋಡಿದ್ರೆ ಹೊಲಗಳು ಚದುರಂಗದ ಮಣೆ ಹಾಗೆ ಕಾಣೋದು ಇದಕ್ಕೇ.

ಎರಡನೇದು, ಆಡಳಿತದ ಟೌನ್‌ಶಿಪ್. ಪೆನ್ಸಿಲ್ವೇನಿಯಾದ್ದು ಈ ಥರ, ಮತ್ತು 1785ಕ್ಕಿಂತ ಹಳೇದು. ಇಲ್ಲಿ ಚೌಕ ಇಲ್ಲ. ಹಳ್ಳ, ಹೊಳೆ, ಗುಡ್ಡಗಳೇ ಗಡಿ. ರಾಜ್ಯದ ಬಹುತೇಕ ನೆಲ ಯಾವುದಾದ್ರೂ ಒಂದು ನಗರ, ಬರೋ ಅಥವಾ ಟೌನ್‌ಶಿಪ್‌ಗೆ ಸೇರಿರುತ್ತೆ. ಬರೋ ಅಂದ್ರೆ ಅಂಗಡಿ ಬೀದಿ ಇರೋ ಪುಟ್ಟ ಪಟ್ಟಣ. ಟೌನ್‌ಶಿಪ್ ಅಂದ್ರೆ ಅದರ ಸುತ್ತಲಿನ ಹಳ್ಳಿಗಾಡು. ಸಣ್ಣ ಟೌನ್‌ಶಿಪ್‌ಗಳನ್ನ ನಡೆಸೋದು ಮೂವರು ಅಥವಾ ಐವರು ಚುನಾಯಿತ ಸೂಪರ್‌ವೈಸರ್‌ಗಳು. ಮೇಯರ್ ಇಲ್ಲ. ರಸ್ತೆ ರಿಪೇರಿ, ಹಿಮ ತೆಗೆಯೋದು, ಕಟ್ಟಡಕ್ಕೆ ಪರವಾನಗಿ, ಯಾವ ಜಾಗದಲ್ಲಿ ಏನು ಕಟ್ಟಬಹುದು ಅನ್ನೋ ವಲಯ ನಿಯಮ, ಇಷ್ಟು ಅವರ ಕೆಲಸ. ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿಯ ಗಾತ್ರದ ಸರ್ಕಾರ ಅನ್ಕೊಳ್ಳಿ.

ಇದನ್ನ ಮನಸ್ಸಲ್ಲಿಟ್ಕೊಳ್ಳಿ. ಇಷ್ಟು ಚಿಕ್ಕ ಸರ್ಕಾರದ ಗಡಿಯೊಳಗೆ ಅಮೆರಿಕದ ಅತಿ ಗಂಭೀರ ವಾಣಿಜ್ಯ ಪರಮಾಣು ಅಪಘಾತ ನಡೀತು.

ಹೊಳೆ, ಕೆಂಪು ಮಣ್ಣು, ಐರಿಷ್ ಹೆಸರು

ಈಗ ನಕ್ಷೆ. ಪೆನ್ಸಿಲ್ವೇನಿಯಾದ ರಾಜಧಾನಿ ಫಿಲಡೆಲ್ಫಿಯಾ ಅಲ್ಲ, ಹ್ಯಾರಿಸ್‌ಬರ್ಗ್. ಹ್ಯಾರಿಸ್‌ಬರ್ಗ್‌ನಿಂದ ಸಸ್ಕ್ವೆಹಾನಾ ನದಿಯ ಪೂರ್ವ ದಡದಲ್ಲೇ ಕೆಳಕ್ಕೆ ಸುಮಾರು 10 ಮೈಲಿ ಬಂದ್ರೆ ಲಂಡನ್‌ಡೆರಿ. ಪಶ್ಚಿಮದ ಕಡೆ ಸ್ವಟಾರಾ ಹಳ್ಳ, ಆಗ್ನೇಯಕ್ಕೆ ಕಾನೆವಾಗೋ ಹಳ್ಳ. ಕಾನೆವಾಗೋ ದಾಟಿದ್ರೆ ಲ್ಯಾಂಕಾಸ್ಟರ್ ಕೌಂಟಿ. ನದಿಯ ಆಚೆ ದಡ ಯಾರ್ಕ್ ಕೌಂಟಿ, ಅಲ್ಲಿ ಎದುರಿಗೇ ಗೋಲ್ಡ್ಸ್‌ಬರೋ ಅನ್ನೋ ಪುಟ್ಟ ಊರು.

ಸಸ್ಕ್ವೆಹಾನಾ ನ್ಯೂಯಾರ್ಕ್ ರಾಜ್ಯದ ಒಂದು ಸರೋವರದಲ್ಲಿ ಹುಟ್ಟಿ 444 ಮೈಲಿ ಹರಿದು ಚೆಸಪೀಕ್ ಕೊಲ್ಲಿ ಸೇರುತ್ತೆ. ತುಂಬಾ ಅಗಲ, ಆದ್ರೆ ಆಳ ಕಮ್ಮಿ. ಬಂಡೆ, ಮರಳು, ನಡುಗಡ್ಡೆ ಜಾಸ್ತಿ. ಆ ನಡುಗಡ್ಡೆಗಳಲ್ಲಿ ಒಂದು ಪಕ್ಕದ ಮಿಡಲ್‌ಟೌನ್ ಪಟ್ಟಣದಿಂದ ಸುಮಾರು ಮೂರು ಮೈಲಿ ಕೆಳಗಿದೆ. ಅದಕ್ಕೇ ತ್ರೀ ಮೈಲ್ ಐಲ್ಯಾಂಡ್. ಹೆಸರಿನ ಹಿಂದೆ ಬೇರೇನೂ ನಿಗೂಢ ಇಲ್ಲ. ಮಿಡಲ್‌ಟೌನ್ ಹೆಸರೂ ಹಾಗೇ: ಲ್ಯಾಂಕಾಸ್ಟರ್ ಮತ್ತು ಕಾರ್ಲೈಲ್ ನಡುವೆ ಅರ್ಧ ದಾರಿಯಲ್ಲಿದೆ ಅಂತ.

ಇಲ್ಲಿನ ನೆಲ ಕೆಂಪು. ಸುಮಾರು 20 ಕೋಟಿ ವರ್ಷ ಹಳೇ ಕೆಂಪು ಮರಳುಗಲ್ಲು ಮತ್ತು ಶೇಲ್ ಪದರ ಸವೆದು ಆದ ಮಣ್ಣು. ಎತ್ತರದ ಬೆಟ್ಟ ಇಲ್ಲ; ಏರಿಳಿಯೋ ಹೊಲ, ಮೆಕ್ಕೆಜೋಳ, ಹಸು ಸಾಕಣೆ.

ಮೊದಲು ಇದು ಸಸ್ಕ್ವೆಹಾನಾಕ್ ಅನ್ನೋ ಮೂಲನಿವಾಸಿಗಳ ಸೀಮೆ. ನದಿಗೆ ಆ ಹೆಸರು ಉಳೀತು, ಆ ಜನ ಉಳೀಲಿಲ್ಲ. ರೋಗ, ಯುದ್ಧ, ವಲಸಿಗರ ಹಿಂಸೆ ಅವರನ್ನ ಅಳಿಸಿತು. 1681ರಲ್ಲಿ ಇಂಗ್ಲೆಂಡಿನ ರಾಜ ವಿಲಿಯಂ ಪೆನ್‌ಗೆ ಈ ಸೀಮೆ ಬರೆದುಕೊಟ್ಟ. 1700ರ ದಶಕದ ಶುರುವಿನಲ್ಲಿ ಉತ್ತರ ಐರ್ಲೆಂಡಿನಿಂದ ಸ್ಕಾಟ್ಸ್-ಐರಿಷ್ ಪ್ರೆಸ್ಬಿಟೇರಿಯನ್ ಕುಟುಂಬಗಳು ಬಂದು ಕಾಡು ಕಡಿದು ಕೂತವು. 1729ರಲ್ಲಿ ಡೆರಿ ಟೌನ್‌ಶಿಪ್ ಆಯ್ತು. 1768ರಲ್ಲಿ ಅದನ್ನ ಒಡೆದು ದಕ್ಷಿಣದ ಭಾಗಕ್ಕೆ ಲಂಡನ್‌ಡೆರಿ ಅಂತ ಹೆಸರಿಟ್ರು.

ತಮಾಷೆ ಏನಂದ್ರೆ, ಐರ್ಲೆಂಡಿನಲ್ಲಿ ಡೆರಿ ಮತ್ತು ಲಂಡನ್‌ಡೆರಿ ಒಂದೇ ಊರು. ಯಾವ ಹೆಸರು ಕರೀತೀರಿ ಅನ್ನೋದರ ಮೇಲೆ ನೀವು ಯಾವ ಪಕ್ಷ ಅಂತ ಗೊತ್ತಾಗುತ್ತೆ. ಪೆನ್ಸಿಲ್ವೇನಿಯಾದಲ್ಲಿ ಮಾತ್ರ ಎರಡೂ ಅಕ್ಕಪಕ್ಕದ ಊರುಗಳಾಗಿ ಜಗಳ ಇಲ್ಲದೆ ಕೂತಿವೆ.

ಈ ಎರಡು ಊರುಗಳ ಹಣೆಬರಹ ನೋಡಿ. ಡೆರಿಯಲ್ಲಿ 1903ರಲ್ಲಿ ಮಿಲ್ಟನ್ ಹರ್ಷಿ ಅನ್ನೋ ಮಿಠಾಯಿ ವ್ಯಾಪಾರಿ ಹೊಲದ ನಡುವೆ ಚಾಕೊಲೇಟ್ ಫ್ಯಾಕ್ಟರಿ ಕಟ್ಟೋಕೆ ಶುರು ಮಾಡಿದ. ಇವತ್ತು ಅಲ್ಲಿ ಚಾಕೊಲೇಟ್ ಅವೆನ್ಯೂ ಇದೆ, ಬೀದಿ ದೀಪಗಳೂ ಹರ್ಷೀಸ್ ಕಿಸಸ್ ಆಕಾರದಲ್ಲಿವೆ. ಜಗತ್ತಿಗೆ ಡೆರಿ ಅಂದ್ರೆ ಸಿಹಿ. ಪಕ್ಕದ ಲಂಡನ್‌ಡೆರಿಗೆ ಸಿಕ್ಕಿದ್ದು ಪರಮಾಣು ಸ್ಥಾವರ.

ದ್ವೀಪವೇ ಯಾಕೆ?

ಇದಕ್ಕೆ ಉತ್ತರ ಭೂಗೋಳದಲ್ಲೇ ಇದೆ. ಪರಮಾಣು ಸ್ಥಾವರ ಅಂದ್ರೆ ಕೊನೆಗೂ ನೀರು ಕುದಿಸಿ ಉಗಿಯಿಂದ ಟರ್ಬೈನ್ ತಿರುಗಿಸೋ ಯಂತ್ರ. ಆ ಉಗಿಯನ್ನ ಮತ್ತೆ ತಣ್ಣಗೆ ಮಾಡೋಕೆ ಸಿಕ್ಕಾಪಟ್ಟೆ ನೀರು ಬೇಕು. ಸಸ್ಕ್ವೆಹಾನಾದಲ್ಲಿ ನೀರಿದೆ. ಈ ಜಾಗದಲ್ಲಿ ಕರೆಂಟ್ ಮಾಡೋದೂ ಹೊಸದಲ್ಲ. ಸ್ವಲ್ಪ ಕೆಳಗಿನ ಯಾರ್ಕ್ ಹೇವನ್‌ನಲ್ಲಿ 1904ರಿಂದಲೇ ಜಲವಿದ್ಯುತ್ ಸ್ಥಾವರ ಇತ್ತು.

ಜಾಗಕ್ಕೆ ಅದರದ್ದೇ ತೊಡಕುಗಳೂ ಇದ್ದವು. ನದಿ ಉಕ್ಕುತ್ತೆ. 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತ ಬಂದಾಗ ಹ್ಯಾರಿಸ್‌ಬರ್ಗ್, ಮಿಡಲ್‌ಟೌನ್ ಎಲ್ಲ ಮುಳುಗಿದ್ವು. ಮತ್ತೆ ಹ್ಯಾರಿಸ್‌ಬರ್ಗ್ ವಿಮಾನ ನಿಲ್ದಾಣ ಅಲ್ಲೇ ಪಕ್ಕದಲ್ಲಿ. ಹಾಗಾಗಿ ದೊಡ್ಡ ವಿಮಾನ ಬಂದು ಬಡಿದರೂ ತಡೀಬೇಕು ಅಂತ ರಿಯಾಕ್ಟರ್ ಕಟ್ಟಡವನ್ನ ವಿನ್ಯಾಸ ಮಾಡಿದ್ರು. ಎಂಜಿನಿಯರ್‌ಗಳು ಆಕಾಶದಿಂದ ಬರೋ ಅಪಾಯ ಯೋಚಿಸಿದ್ರು, ನದಿಯಿಂದ ಬರೋ ಅಪಾಯ ಯೋಚಿಸಿದ್ರು. ನಿಜವಾದ ಅಪಾಯ ಬಂದಿದ್ದು ಒಂದು ವಾಲ್ವ್‌ನಿಂದ.

1979 ಮಾರ್ಚ್ 28, ಬೆಳಗಿನ ಜಾವ 4 ಗಂಟೆ

ದ್ವೀಪದಲ್ಲಿ ಎರಡು ಯೂನಿಟ್. ಒಂದನೇದು 1974ರಿಂದ ಓಡ್ತಿತ್ತು. ಎರಡನೇದು 1978ರ ಡಿಸೆಂಬರ್ ಕೊನೆಯಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿತ್ತು. ಅಂದ್ರೆ ಅಪಘಾತ ಆದಾಗ ಅದಕ್ಕೆ ಮೂರೇ ತಿಂಗಳು.

ಬುಧವಾರ ಬೆಳಗಿನ ಜಾವ 4 ಗಂಟೆ ಹೊತ್ತಿಗೆ ನೀರು ಪೂರೈಸೋ ಪಂಪ್‌ಗಳು ನಿಂತವು. ರಿಯಾಕ್ಟರ್ ತಾನಾಗೇ ಬಂದ್ ಆಯ್ತು, ಅದು ಸರಿಯಾಗೇ ಆಯ್ತು. ಒತ್ತಡ ಇಳಿಸೋಕೆ ಮೇಲಿನ ಒಂದು ವಾಲ್ವ್ ತೆರೀತು, ಅದೂ ಸರಿ. ಒತ್ತಡ ಇಳಿದ ಮೇಲೆ ಅದು ಮುಚ್ಚಬೇಕಿತ್ತು. ಮುಚ್ಚಲಿಲ್ಲ. ತೆರೆದೇ ಸಿಕ್ಕಿಹಾಕ್ಕೊಂಡ್ತು. ಅದರಿಂದ ರಿಯಾಕ್ಟರ್‌ನ ನೀರು ಎರಡು ಗಂಟೆಗೂ ಹೆಚ್ಚು ಹೊತ್ತು ಹೊರಗೆ ಹೋಗ್ತಾನೇ ಇತ್ತು.

ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಯಾಕೆ ಗೊತ್ತಾಗಲಿಲ್ಲ? ಯಾಕಂದ್ರೆ ಅವರ ಮುಂದಿದ್ದ ದೀಪ ವಾಲ್ವ್ ಮುಚ್ಚಿದೆ ಅನ್ನೋ ಅರ್ಥ ಕೊಡ್ತಿತ್ತು. ನಿಜಕ್ಕೂ ಆ ದೀಪ ತೋರಿಸ್ತಿದ್ದದ್ದು ವಾಲ್ವ್‌ನ ಸ್ಥಿತಿ ಅಲ್ಲ. ಮುಚ್ಚು ಅನ್ನೋ ಸಿಗ್ನಲ್ ಹೋಗಿದೆ ಅನ್ನೋದನ್ನ ಮಾತ್ರ.

ನಾನು ಬಿ.ಕಾಂ ಓದಿದವನು, ನನಗೆ ಇದು ಅರ್ಥ ಆಗೋದು ಹೀಗೆ. ಸ್ಟಾಕ್ ರಿಜಿಸ್ಟರ್‌ನಲ್ಲಿ ನೂರು ಮೂಟೆ ಅಂತಿದೆ. ಅದರರ್ಥ ಯಾರೋ ನೂರು ಅಂತ ಬರೆದಿದ್ದಾರೆ ಅಂತ. ಗೋಡೌನ್‌ನಲ್ಲಿ ನೂರು ಇದೆ ಅಂತಲ್ಲ. ಅದಕ್ಕೇ ಆಡಿಟ್‌ನಲ್ಲಿ ಗೋಡೌನ್‌ಗೇ ಹೋಗಿ ಎಣಿಸಿ ನೋಡಿ ಅಂತ ಹೇಳಿಕೊಡ್ತಾರೆ. ಆ ರಾತ್ರಿ ಎಣಿಸಿ ನೋಡೋಕೆ ನೇರವಾದ ಒಂದು ಮೀಟರ್ ಕೂಡ ಇರಲಿಲ್ಲ. ರಿಯಾಕ್ಟರ್ ಒಳಗೆ ಎಷ್ಟು ನೀರಿದೆ ಅಂತ ತೋರಿಸೋ ಸಾಧನವೇ ಇರಲಿಲ್ಲ. ನೀರು ಜಾಸ್ತಿ ಆಗಿದೆ ಅನ್ಕೊಂಡು ಆಪರೇಟರ್‌ಗಳು ತುರ್ತು ನೀರಿನ ಹರಿವನ್ನೂ ಕಡಿಮೆ ಮಾಡಿದ್ರು. ಇಂಧನದ ಸರಳುಗಳು ನೀರಿನಿಂದ ಹೊರಗೆ ಬಂದವು. ರಿಯಾಕ್ಟರ್‌ನ ಒಳತಿರುಳಿನ ಸುಮಾರು ಅರ್ಧ ಕರಗಿಹೋಯ್ತು.

ಅದೃಷ್ಟಕ್ಕೆ ಹೊರಗಿನ ಉಕ್ಕಿನ ಪಾತ್ರೆ ತಡೀತು, ಕಾಂಕ್ರೀಟ್ ಕಟ್ಟಡವೂ ತಡೀತು. ಆದ್ರೆ ಅರ್ಧ ಕರಗಿದೆ ಅನ್ನೋದು ಗೊತ್ತಾಗಿದ್ದು ವರ್ಷಗಳ ನಂತರ, ಒಳಗೆ ಕ್ಯಾಮೆರಾ ಇಳಿಸಿದಾಗ.

ಆ ಐದು ದಿನ

ಊರಿನವರ ಕಡೆಯಿಂದ ನೋಡೋಣ. ಬುಧವಾರ ಕಂಪನಿ ಹೇಳ್ತು, ಎಲ್ಲ ಹಿಡಿತದಲ್ಲಿದೆ. ಆಮೇಲೆ ಬೇರೆ ಮಾತು ಬಂತು. ಶುಕ್ರವಾರ, ಮಾರ್ಚ್ 30ರಂದು, ಗವರ್ನರ್ ಡಿಕ್ ಥಾರ್ನ್‌ಬರ್ಗ್ ಹೇಳಿದ್ರು: ಐದು ಮೈಲಿ ಒಳಗಿರೋ ಗರ್ಭಿಣಿಯರು ಮತ್ತು ಶಾಲೆಗೆ ಹೋಗದ ಪುಟ್ಟ ಮಕ್ಕಳು ಹೊರಗೆ ಹೋಗೋದು ಒಳ್ಳೇದು. ಲಂಡನ್‌ಡೆರಿಯ ಹೊಲಮನೆಗಳೇ ಆ ಐದು ಮೈಲಿಯ ನಡುಮಧ್ಯ.

ಯೋಚಿಸಿ. ಒಂದು ಮನೆಯಲ್ಲಿ ಮೂರು ವರ್ಷದ ಮಗು ಹೋಗಬೇಕು, ಏಳು ವರ್ಷದ ಮಗು ಇರಬಹುದು. ಅಮ್ಮ ಹೋಗಬೇಕು, ಅಪ್ಪ ಹಸುಗಳಿಗೆ ಹಾಲು ಕರೀಬೇಕು. ಹಾಗಂತ ಯಾರು ಸಂಸಾರ ಹಂಚಿಕೊಂಡು ಕೂರ್ತಾರೆ? ಒಟ್ಟು ಸುಮಾರು 1,40,000 ಜನ ಮನೆ ಬಿಟ್ಟರು. ಸರ್ಕಾರ ಹೇಳಿದವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಇನ್ನೊಂದು ಕಾಕತಾಳೀಯ: ಪರಮಾಣು ಸ್ಥಾವರದ ಅಪಘಾತದ ಮೇಲೆ ಮಾಡಿದ್ದ ‘ದಿ ಚೈನಾ ಸಿಂಡ್ರೋಮ್’ ಅನ್ನೋ ಸಿನಿಮಾ ಬಿಡುಗಡೆಯಾಗಿ ಆಗ ಇನ್ನೂ ಎರಡು ವಾರ ಆಗಿರಲಿಲ್ಲ.

ರಿಯಾಕ್ಟರ್ ಒಳಗೆ ಹೈಡ್ರೋಜನ್ ಗುಳ್ಳೆ ಸೇರಿದೆ, ಸ್ಫೋಟ ಆಗಬಹುದು ಅನ್ನೋ ಭಯ ಹಬ್ಬಿತು. ಆ ಲೆಕ್ಕ ತಪ್ಪು, ಸ್ಫೋಟಕ್ಕೆ ಬೇಕಾದಷ್ಟು ಆಮ್ಲಜನಕ ಒಳಗಿಲ್ಲ ಅಂತ ಆಮೇಲೆ ತಿಳೀತು. ಭಾನುವಾರ, ಏಪ್ರಿಲ್ 1ರಂದು, ಅಧ್ಯಕ್ಷ ಜಿಮ್ಮಿ ಕಾರ್ಟರ್ ಹೆಂಡತಿ ರೋಸಲಿನ್ ಜೊತೆ ಸ್ಥಾವರದೊಳಗೇ ಬಂದ್ರು. ಕಾರ್ಟರ್ ನೌಕಾಪಡೆಯ ಪರಮಾಣು ವಿಭಾಗದಲ್ಲಿ ತರಬೇತಿ ಪಡೆದವರು, ಹಾಗಾಗಿ ಅವರು ಬಂದದ್ದಕ್ಕೆ ತೂಕ ಇತ್ತು. ಅಧ್ಯಕ್ಷರೇ ಬಂದು ನಿಂತ್ರು ಅಂದ ಮೇಲೆ ಜನ ಸ್ವಲ್ಪ ಉಸಿರು ಬಿಟ್ರು.

ಲೆಕ್ಕಪತ್ರ

ಎಷ್ಟು ಹಾನಿ ಆಯ್ತು? ಅಧಿಕೃತ ಲೆಕ್ಕದ ಪ್ರಕಾರ ಸುತ್ತಲಿನ ಸುಮಾರು 20 ಲಕ್ಷ ಜನರಿಗೆ ಸರಾಸರಿ ಸುಮಾರು 1 ಮಿಲಿರೆಮ್ ಹೆಚ್ಚುವರಿ ವಿಕಿರಣ. ಒಂದು ಸಲ ಎದೆಯ ಎಕ್ಸ್-ರೇ ತೆಗೆಸಿದ್ರೆ ಸುಮಾರು 6. ಐದು ಮೈಲಿ ಒಳಗಿನ 32 ಸಾವಿರಕ್ಕೂ ಹೆಚ್ಚು ಜನರನ್ನ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಗಮನಿಸಿದ್ರು. ವಿಕಿರಣದಿಂದ ಸಾವು ಹೆಚ್ಚಾಗಿದೆ ಅನ್ನೋಕೆ ಸ್ಥಿರವಾದ ಪುರಾವೆ ಸಿಗಲಿಲ್ಲ ಅಂದ್ರು. 1997ರಲ್ಲಿ ನಾರ್ತ್ ಕ್ಯಾರೊಲಿನಾದ ಸಂಶೋಧಕರು ಹಳೇ ಅಂಕಿಗಳನ್ನೇ ಮತ್ತೆ ನೋಡಿ, ಗಾಳಿ ಬೀಸಿದ ದಿಕ್ಕಿನಲ್ಲಿ ಕೆಲವು ಕ್ಯಾನ್ಸರ್ ಹೆಚ್ಚಿದೆ ಅಂತ ವಾದಿಸಿದ್ರು. 2 ಸಾವಿರ ಜನ ಕೋರ್ಟಿಗೆ ಹೋದರು. 1996ರಲ್ಲಿ ಫೆಡರಲ್ ನ್ಯಾಯಾಲಯ ಸಾಕ್ಷ್ಯ ಸಾಲದು ಅಂತ ಮೊಕದ್ದಮೆ ವಜಾ ಮಾಡ್ತು.

ಕಾರ್ಟರ್ ನೇಮಿಸಿದ್ದ ಆಯೋಗದ ಅಧ್ಯಕ್ಷರು ಜಾನ್ ಕೆಮೆನಿ. ಬೇಸಿಕ್ ಕಂಪ್ಯೂಟರ್ ಭಾಷೆ ಕಟ್ಟಿದ ಇಬ್ಬರಲ್ಲಿ ಒಬ್ಬರು, ನಮ್ಮಲ್ಲಿ ಕೆಲವರು ಶಾಲೆಯಲ್ಲಿ ಕಲಿತದ್ದು ಅದೇ. ಆ ವರದಿ ಹೇಳಿದ ಮುಖ್ಯ ಮಾತು: ಆರೋಗ್ಯದ ಮೇಲಾದ ದೊಡ್ಡ ಪರಿಣಾಮ ಮಾನಸಿಕ ಒತ್ತಡ. ಅದನ್ನ ಲೆಕ್ಕಕ್ಕಿಲ್ಲದ್ದು ಅಂತ ತಳ್ಳಿಹಾಕಬೇಡಿ. ಏನಾಗ್ತಿದೆ ಅಂತ ಯಾರೂ ಸರಿಯಾಗಿ ಹೇಳದೇ ಇದ್ದಾಗ ಬರೋ ಭಯವೂ ಹಾನಿಯೇ.

ಸ್ವಚ್ಛ ಮಾಡೋ ಕೆಲಸ 1993ರವರೆಗೆ ನಡೀತು, ಖರ್ಚು ಸುಮಾರು 100 ಕೋಟಿ ಡಾಲರ್. ಕರಗಿದ ಇಂಧನವನ್ನ ರೈಲಿನಲ್ಲಿ ದೂರದ ಐಡಾಹೋಗೆ ಸಾಗಿಸಿದ್ರು. ಮೂರು ತಿಂಗಳು ಓಡಿದ ಯಂತ್ರಕ್ಕೆ ಹದಿನಾಲ್ಕು ವರ್ಷದ ಕ್ಲೀನಿಂಗ್! ಎರಡನೇ ಯೂನಿಟ್ ಮತ್ತೆಂದೂ ತೆರೀಲಿಲ್ಲ.

ಊರು ಬೇಡ ಅಂದಾಗ, ಊರು ಬೇಕು ಅಂದಾಗ

ಈ ಕಥೆಯಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ ಭಾಗ ಇದು. ಅಪಘಾತದ ದಿನ ಒಂದನೇ ಯೂನಿಟ್ ಇಂಧನ ತುಂಬೋಕೆ ಅಂತ ನಿಂತಿತ್ತು, ಅದಕ್ಕೇನೂ ಆಗಿರಲಿಲ್ಲ. ಅದನ್ನ ಮತ್ತೆ ಶುರು ಮಾಡಬೇಕಾ? 1982ರಲ್ಲಿ ಸುತ್ತಲಿನ ಮೂರು ಕೌಂಟಿಗಳಲ್ಲಿ ಜನಮತ ಕೇಳಿದ್ರು. ಸುಮಾರು ಮೂರರಲ್ಲಿ ಎರಡು ಪಾಲು ಜನ ಬೇಡ ಅಂದ್ರು. ಆದ್ರೆ ಆ ಮತಕ್ಕೆ ಕಾನೂನಿನ ಬಲ ಇರಲಿಲ್ಲ. ಪರಮಾಣು ಸುರಕ್ಷತೆ ಫೆಡರಲ್ ಸರ್ಕಾರದ ವಿಷಯ. ಟೌನ್‌ಶಿಪ್ಪೂ ಕೌಂಟಿಯೂ ಅದರಲ್ಲಿ ತೀರ್ಮಾನ ಹೇಳೋ ಹಾಗಿಲ್ಲ. 1985ರ ಅಕ್ಟೋಬರ್‌ನಲ್ಲಿ ಯೂನಿಟ್ ಶುರುವಾಯ್ತು.

ಆಮೇಲೆ ಮೂವತ್ನಾಲ್ಕು ವರ್ಷ ಅದು ದೊಡ್ಡ ಗಲಾಟೆ ಇಲ್ಲದೆ ಓಡ್ತು. ನೂರಾರು ಜನಕ್ಕೆ ಕೆಲಸ ಕೊಡ್ತು. ಅಕ್ಕಪಕ್ಕದ ಹೋಟೆಲ್, ಗ್ಯಾರೇಜ್‌ಗಳಿಗೆ ವ್ಯಾಪಾರ ಆಯ್ತು. ಬೇಡ ಅಂದಿದ್ದ ಜಾಗದಲ್ಲೇ ಅದು ಜೀವನದ ಭಾಗ ಆಯ್ತು.

ಅಷ್ಟರಲ್ಲಿ ಅದೇ ಪೆನ್ಸಿಲ್ವೇನಿಯಾದ ನೆಲದಡಿಯ ಮಾರ್ಸೆಲಸ್ ಶೇಲ್‌ನಿಂದ ನೈಸರ್ಗಿಕ ಅನಿಲ ಉಕ್ಕಿ ಬಂತು. ಅನಿಲದ ಕರೆಂಟ್ ಅಗ್ಗ. ಒಂದೇ ರಿಯಾಕ್ಟರ್ ಇರೋ ಸ್ಥಾವರಕ್ಕೆ ಲೆಕ್ಕ ಕೂಡಲಿಲ್ಲ. ಸರ್ಕಾರದ ನೆರವು ಸಿಗದಿದ್ರೆ ಮುಚ್ತೀವಿ ಅಂತ 2017ರಲ್ಲಿ ಎಕ್ಸೆಲಾನ್ ಕಂಪನಿ ಹೇಳ್ತು. ನೆರವು ಬರಲಿಲ್ಲ. ಲೈಸೆನ್ಸ್ 2034ರವರೆಗೆ ಇದ್ದರೂ 2019ರ ಸೆಪ್ಟೆಂಬರ್ 20ರಂದು ಮುಚ್ಚಿದ್ರು. ಈ ಸಲ ಮುಚ್ಚಬೇಡಿ ಅಂದವರು ಊರಲ್ಲಿ ತುಂಬಾ ಜನ ಇದ್ರು. ಅವರ ಮಾತಿಗೂ ಬಲ ಇರಲಿಲ್ಲ.

ಸರಿಯಾಗಿ ಐದು ವರ್ಷ. 2024ರ ಸೆಪ್ಟೆಂಬರ್ 20ರಂದು ಈಗಿನ ಮಾಲೀಕ ಕಂಪನಿ ಕಾನ್ಸ್‌ಟೆಲೇಷನ್ ಘೋಷಿಸ್ತು: ಒಂದನೇ ಯೂನಿಟ್ ಮತ್ತೆ ತೆರೀತೀವಿ. ಸುಮಾರು 835 ಮೆಗಾವ್ಯಾಟ್. 20 ವರ್ಷ ಮೈಕ್ರೋಸಾಫ್ಟ್‌ಗೆ ಮಾರಾಟ. ಖರ್ಚು 160 ಕೋಟಿ ಡಾಲರ್. 2025ರಲ್ಲಿ ಫೆಡರಲ್ ಇಂಧನ ಇಲಾಖೆ 100 ಕೋಟಿ ಡಾಲರ್ ಸಾಲವನ್ನೂ ಕೊಡ್ತು. 2027ರಲ್ಲೇ ಶುರು ಮಾಡೋ ಗುರಿ ಅಂತ ಕಂಪನಿ ಹೇಳಿದೆ. ಹೆಸರೂ ಬದಲಾಗಿದೆ: ಕ್ರೇನ್ ಕ್ಲೀನ್ ಎನರ್ಜಿ ಸೆಂಟರ್. ಎಕ್ಸೆಲಾನ್ ಮುಖ್ಯಸ್ಥರಾಗಿದ್ದ ದಿವಂಗತ ಕ್ರಿಸ್ ಕ್ರೇನ್ ಅವರ ನೆನಪಿಗೆ.

ಹೆಸರು ಬದಲಾಯಿಸಬಹುದು. ದ್ವೀಪ ಅಲ್ಲೇ ಇದೆ. ನದಿ ಬದಿಯ 441ನೇ ರಸ್ತೆಯಲ್ಲಿ ಅಪಘಾತ ನೆನಪಿಸೋ ಐತಿಹಾಸಿಕ ಫಲಕ ಇದೆ. ಬಳಸಿದ ಇಂಧನ ದ್ವೀಪದಲ್ಲೇ ಉಕ್ಕು-ಕಾಂಕ್ರೀಟಿನ ದೊಡ್ಡ ಪೀಪಾಯಿಗಳಲ್ಲಿ ಕೂತಿದೆ, ಯಾಕಂದ್ರೆ ದೇಶಕ್ಕೇ ಒಂದು ಶಾಶ್ವತ ಜಾಗ ಇನ್ನೂ ಆಗಿಲ್ಲ. ಹತ್ತು ಮೈಲಿ ವ್ಯಾಪ್ತಿಯ ತುರ್ತು ಯೋಜನೆ ಅನ್ನೋ ನಿಯಮ ಬಂದಿದ್ದೇ ಈ ಅಪಘಾತದ ನಂತರ.

ನಾನು ಎಲ್ಲಿ ನಿಲ್ತೀನಿ?

ಇದನ್ನ ಕೇಳಿ ನಾನು ಪರಮಾಣು ವಿರೋಧಿ ಅನ್ಕೋಬೇಡಿ. ಕಲ್ಲಿದ್ದಲು ಸುಟ್ಟರೆ ಆಗೋ ಹಾನಿ ಇದಕ್ಕಿಂತ ಎಷ್ಟೋ ಹೆಚ್ಚು, ಅದು ದಿನಾ ಆಗುತ್ತೆ, ಸುದ್ದಿ ಮಾತ್ರ ಆಗಲ್ಲ. ಇರೋ ಸ್ಥಾವರವನ್ನ ಪರೀಕ್ಷೆ ಮಾಡಿ ತೆರೆಯೋದು ತಪ್ಪು ಅಂತ ನನಗನಿಸಲ್ಲ.

ನನ್ನ ಪ್ರಶ್ನೆ ಬೇರೆ. ಐವತ್ತಕ್ಕೂ ಹೆಚ್ಚು ವರ್ಷದಲ್ಲಿ ಈ ಊರಿನ ಬಗ್ಗೆ ನಾಲ್ಕು ದೊಡ್ಡ ತೀರ್ಮಾನ ಆಗಿವೆ. ಕಟ್ಟೋದು, ಮತ್ತೆ ಶುರು ಮಾಡೋದು, ಮುಚ್ಚೋದು, ಈಗ ಮತ್ತೆ ತೆರೆಯೋದು. ಒಂದೂ ಲಂಡನ್‌ಡೆರಿಯಲ್ಲಿ ಆಗಲಿಲ್ಲ. ವಾಷಿಂಗ್ಟನ್‌ನಲ್ಲಿ, ಕಂಪನಿಯ ಬೋರ್ಡ್ ರೂಮಿನಲ್ಲಿ, ಅನಿಲದ ಮಾರುಕಟ್ಟೆಯಲ್ಲಿ, ಸಾಫ್ಟ್‌ವೇರ್ ಕಂಪನಿಯ ಕರೆಂಟ್ ಲೆಕ್ಕದಲ್ಲಿ ಆದವು. ಊರಿಗೆ ಬಂದಿದ್ದು ತೀರ್ಮಾನದ ಪ್ರತಿ ಮಾತ್ರ. ಲಾಭ ಬಂದಾಗ ಕೆಲಸ ಸಿಕ್ತು, ನಿಜ. ಆದ್ರೆ ಮಧ್ಯರಾತ್ರಿ ಮಕ್ಕಳನ್ನ ಕಾರಿನಲ್ಲಿ ಕೂರಿಸಿಕೊಂಡು ಹೊರಡಬೇಕಾದವರೂ ಅವರೇ. ನಾವು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಎಐಗೆ ಒಂದು ಪ್ರಶ್ನೆ ಕೇಳಿದಾಗ ಅದರ ಹಿಂದಿನ ವಿದ್ಯುತ್ ಎಲ್ಲೋ ಒಂದು ಊರಿನ ನೀರು, ನೆಲ ಬಳಸಿಯೇ ಬರುತ್ತೆ. ಅಂಥ ಊರಿಗೆ ಹಾಲಿ ಸ್ಥಿತಿ ಏನು ಅಂತ ಪೂರ್ತಿ ತಿಳಿಯೋ ಹಕ್ಕಾದ್ರೂ ಇರಬೇಕು. ಸಿಗ್ನಲ್ ಹೋಗಿದೆ ಅಂತ ಉರಿಯೋ ದೀಪ ಸಾಲದು. ವಾಲ್ವ್ ನಿಜಕ್ಕೂ ಮುಚ್ಚಿದೆಯಾ ಅಂತ ಹೇಳಬೇಕು.

ಇವತ್ತಿಗೆ ಇಷ್ಟು. ನಿಮ್ಮ ಊರಿನ ಪಕ್ಕ ದೊಡ್ಡ ಸ್ಥಾವರ, ಅಣೆಕಟ್ಟು, ಕಾರ್ಖಾನೆ ಇದ್ದರೆ, ಅಲ್ಲಿಂದ ನಿಮಗೆ ಮಾಹಿತಿ ಹೇಗೆ ಬರುತ್ತೆ ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಒಳ್ಳೇ ಅನುಭವಗಳನ್ನ ಮುಂದಿನ ಸಂಚಿಕೆಯಲ್ಲಿ ಸೇರಿಸ್ತೀನಿ.